ಪದಚರ್ಚೆ: ಗೋರಿಕಲ್ಲಿನ ಲ್ಯಾಟಿನ್ ಕ್ರಿಯಾಪದಗಳು – ಕೊನೆ ನೋಡಿ ಗುರುತಿಸೋದು ಹೇಗೆ?

ಉಡುಪಿಯಿಂದ:

ಎಲ್ಲರಿಗೂ ನಮಸ್ಕಾರ. ಒಂದು ಹಳೆಯ ಇಗರ್ಜಿಯ ಗೋರಿಗಳಿಗೆ ಕನ್ನಡ ಫಲಕ ಬರೆದುಕೊಡುವ ಕೆಲಸ ಬಂದಿದೆ. ಶುಕ್ರವಾರ ಪೇಂಟರ್ ಕೈಗೆ ಕೊಡಬೇಕು. ಕಲ್ಲುಗಳ ಮೇಲಿರುವುದು ಲ್ಯಾಟಿನ್. ಹೆಸರು, ಇಸವಿ ಬಿಟ್ಟರೆ ಹೆಚ್ಚಿನ ಕಡೆ ಇವೇ ಮಾತುಗಳು: ‘ಹೀಕ್ ಯಕೆತ್’, ‘ಒಬಿಯಿತ್’, ‘ವೀಕ್ಸಿತ್’, ‘ಪೊಸುವೇರುಂತ್’. ಒಂದು ಕಲ್ಲಲ್ಲಿ ‘ರೆಕ್ವಿಯೇಸ್ಕಿತ್ ಇನ್ ಪಾಕೆ’ ಅಂತಿದೆ. ಅದರ ಪಕ್ಕದ ಕಲ್ಲಲ್ಲಿ ‘ರೆಕ್ವಿಯೇಸ್ಕತ್ ಇನ್ ಪಾಕೆ’. ಕೆತ್ತಿದವರ ಕೈತಪ್ಪೋ, ಅರ್ಥವೇ ಬೇರೆಯೋ?

ಎಲ್ಲವೂ ‘ತ್’ನಲ್ಲೇ ಮುಗಿಯುತ್ತವೆ. ಕೊನೆ ನೋಡಿ ಗುರುತಿಸುವ ದಾರಿ ಇದೆಯಾ? ಸಂದರ್ಶಕರಿಗೆ ಒಂದು ಪುಟದ ಟಿಪ್ಪಣಿಯನ್ನೂ ಕೊಡಬೇಕು. ಕ್ರಿಯಾಪದದ ಕೊನೆಯ ಈ ತುಣುಕಿಗೆ ‘ಅಂತ್ಯಪ್ರತ್ಯಯ’ ಅಂತ ಬರೆದಿದ್ದೇನೆ. ಸರೀನಾ?

ಮೈಸೂರಿನಿಂದ:

ಬೇಡ. ಕನ್ನಡದಲ್ಲಿ ಪ್ರತ್ಯಯ ಬರುವುದೇ ಕೊನೆಗೆ. ಮತ್ತೆ ‘ಅಂತ್ಯ’ ಯಾಕೆ? ಆಖ್ಯಾತ ಪ್ರತ್ಯಯ ಅನ್ನಿ. ‘ಆಖ್ಯಾತ’ ಅಂದರೆ ಕ್ರಿಯಾಪದಕ್ಕೆ ಸೇರಿದ್ದು. ಹಳಗನ್ನಡದ ವ್ಯಾಕರಣ ಬರೆದ ಕೇಶಿರಾಜನಲ್ಲೇ ಆ ಮಾತು ಇದೆ, ಹೈಸ್ಕೂಲ್ ವ್ಯಾಕರಣದಲ್ಲೂ ಇದೆ. ಇರುವ ಮಾತನ್ನು ಬಿಟ್ಟು ಹೊಸದನ್ನು ಹುಟ್ಟಿಸಬಾರದು.

ಹುಬ್ಬಳ್ಳಿಯಿಂದ:

ಪ್ರತ್ಯಯಗಳ ಪಟ್ಟಿ ನೋಡಿದೆ. ಕೊನೆಯ ‘ತ್’ಗಿಂತ ಮುಂಚೆ ‘ಬಿ’ ಬಂದರೆ ಭವಿಷ್ಯತ್ ಅಂತಿದೆ. ‘ಅಮಾಬಿತ್’ ಅಂದ್ರೆ ಪ್ರೀತಿಸುವನು. ಹಂಗಾದರೆ ‘ಒಬಿಯಿತ್’ ಅಂದ್ರೆ ಸಾಯುವನು ಅಂತಾಗಬೇಕಲ್ರೀ?

ಮಂಗಳೂರಿನಿಂದ:

ಇಲ್ಲ. ದಯವಿಟ್ಟು ಅದನ್ನು ಫಲಕಕ್ಕೆ ಬರೆಸಬೇಡಿ.

‘ಒಬಿಯಿತ್’ನಲ್ಲಿರುವ ‘ಬ್’ ಕಾಲದ ಗುರುತಲ್ಲ. ಅಲ್ಲಿ ‘ಒಬ್’ ಉಪಸರ್ಗ. ಕ್ರಿಯಾಪದ ‘ಈರೆ’, ಅಂದರೆ ಹೋಗುವುದು. ಎರಡೂ ಸೇರಿ ಸಾವನ್ನು ಎದುರುಗೊಳ್ಳುವುದು ಅಂತ ಅರ್ಥ. ರೂಪ ಭೂತಕಾಲದ್ದು. ‘ತೀರಿಹೋದರು’ ಅನ್ನಿ, ಸಾಕು. ‘ಸ್ಕ್ರೀಬಿತ್’ ಕೂಡ ಹೀಗೇ ಮೋಸ ಮಾಡುತ್ತೆ. ಅದರ ‘ಬ್’ ಧಾತುವಿನದು. ಬರೆಯುತ್ತಾನೆ ಅಂತ ಅರ್ಥ, ಮುಂದೆ ಬರೆಯುವನು ಅಂತಲ್ಲ.

ಲ್ಯಾಟಿನ್ ಕ್ರಿಯಾಪದದ ಕೊನೆ ಮುಖ್ಯವಾಗಿ ಹೇಳೋದು ಪುರುಷ ಮತ್ತು ವಚನ. ‘ಓ’ ಅಥವಾ ‘ಮ್’ ಇದ್ದರೆ ನಾನು. ‘ಸ್’ ಅಂದರೆ ನೀನು. ‘ತ್’ ಅಂದರೆ ಅವನು, ಅವಳು ಅಥವಾ ಅದು. ‘ಮುಸ್’ ನಾವು, ‘ತಿಸ್’ ನೀವು, ‘ಂತ್’ ಅವರು ಅಥವಾ ಅವು. ‘ತ್’, ‘ಂತ್’ ಜಾಗದಲ್ಲಿ ‘ತುರ್’, ‘ಂತುರ್’ ಬಂದರೆ ಕರ್ಮಣಿ. ಮುಗಿದ ಭೂತಕಾಲಕ್ಕೆ ಮಾತ್ರ ಬೇರೆ ಸಾಲಿದೆ: ಈ, ಇಸ್ತೀ, ಇತ್, ಇಮುಸ್, ಇಸ್ತಿಸ್, ಏರುಂತ್. ನಿಮ್ಮ ‘ಪೊಸುವೇರುಂತ್’ ಈ ಸಾಲಿನ ಕೊನೆಯದು. ‘ನಿಲ್ಲಿಸಿದರು’. ಸಾಮಾನ್ಯವಾಗಿ ಅದರ ಹಿಂದೆಯೋ ಮುಂದೆಯೋ ಮಕ್ಕಳದ್ದೋ ಗೆಳೆಯರದ್ದೋ ಮಾತಿರುತ್ತೆ, ನೋಡಿ. ನಮ್ಮ ವೀರಗಲ್ಲಿನ ಶಾಸನಗಳಲ್ಲೂ ‘ಕಲ್ಲ ನಿಲಿಸಿದ’ ಅಂತಲೇ ಬರುತ್ತಲ್ವಾ? ಆದ್ದರಿಂದ ‘ಸ್ಥಾಪಿಸಿದರು’ ಬೇಡ, ‘ಈ ಕಲ್ಲು ನಿಲ್ಲಿಸಿದರು’ ಚೆನ್ನಾಗಿರುತ್ತೆ.

ಕಾಲ ಮತ್ತು ಭಾವ (ಇದ್ದದ್ದು ಹೇಳುವುದೋ, ಹಾರೈಸುವುದೋ) ತಿಳಿಯೋದು ಕೊನೆಯಿಂದಲ್ಲ, ಅದರ ಹಿಂದಿನ ತುಣುಕಿನಿಂದ, ಹಲವು ಕಡೆ ಬರೀ ಒಂದು ಸ್ವರದಿಂದ. ಆ ಸ್ವರವೂ ಒಂದೇ ಅರ್ಥ ಕೊಡಲ್ಲ. ಕ್ರಿಯಾಪದ ಯಾವ ಗಣಕ್ಕೆ, ಅಂದರೆ ಒಂದೇ ರೀತಿ ರೂಪ ಬದಲಿಸುವ ಯಾವ ಗುಂಪಿಗೆ, ಸೇರಿದ್ದು ಅನ್ನೋದರ ಮೇಲೆ ಅರ್ಥ ಬದಲಾಗುತ್ತೆ. ಕಲಿಯುವವರು ಎಡವೋದು ಇಲ್ಲೇ.

‘ಅಮತ್’ ಅಂದರೆ ಪ್ರೀತಿಸುತ್ತಾನೆ. ‘ಅಮೆತ್’ ಅಂದರೆ ಪ್ರೀತಿಸಲಿ. ಮೊದಲ ಗಣದಲ್ಲಿ ‘ಅ’ ಇದ್ದರೆ ಆಗುತ್ತಿರುವುದು, ‘ಎ’ ಇದ್ದರೆ ಹಾರೈಕೆ. ಮೂರನೆಯ ಗಣದಲ್ಲಿ ಹಾಗಲ್ಲ. ‘ರೆಗಿತ್’ ಆಳುತ್ತಾನೆ, ‘ರೆಗತ್’ ಆಳಲಿ, ‘ರೆಗೆತ್’ ಆಳುವನು. ಅದೇ ‘ಎತ್’ ಮೊದಲ ಗಣದಲ್ಲಿ ಹಾರೈಕೆ, ಮೂರನೆಯದರಲ್ಲಿ ಭವಿಷ್ಯತ್. ಇನ್ನು ಎರಡನೆಯ ಗಣದಲ್ಲಿ ಅದು ಬರೀ ವರ್ತಮಾನ. ನಮ್ಮೂರಿನ ಅಲೋಶಿಯಸ್ ಕಾಲೇಜಿನ ಧ್ಯೇಯವಾಕ್ಯ ‘ಲೂಕೆತ್ ಎತ್ ಆರ್ದೆತ್’ ಈ ಎರಡನೆಯ ಗಣದ್ದು: ಬೆಳಗುತ್ತೆ, ಉರಿಯುತ್ತೆ.

ನಿಮ್ಮ ಎರಡು ಕಲ್ಲಿನ ವ್ಯತ್ಯಾಸ ಈಗ ತಿಳಿಯಿತಲ್ಲ. ‘ರೆಕ್ವಿಯೇಸ್ಕೋ’ ಮೂರನೆಯ ಗಣ. ‘ಇತ್’ ಇದ್ದದ್ದು ವರ್ತಮಾನ: ನೆಮ್ಮದಿಯಲ್ಲಿ ಮಲಗಿದ್ದಾರೆ. ‘ಅತ್’ ಇದ್ದದ್ದು ಹಾರೈಕೆ: ನೆಮ್ಮದಿಯಲ್ಲಿ ಮಲಗಿರಲಿ. ಕೈತಪ್ಪು ಅಲ್ಲವೇ ಅಲ್ಲ. ರೋಮಿನ ಹಳೆಯ ಕ್ರೈಸ್ತ ಗೋರಿಗಳಲ್ಲಿ ‘ಇತ್’ ಧಾರಾಳವಾಗಿ ಸಿಗುತ್ತೆ. ಈಗ ಎಲ್ಲರೂ ಬರೆಯುವ ಆರ್.ಐ.ಪಿ. ಮಾತ್ರ ‘ಅತ್’ ರೂಪದ್ದು. ಒಂದರಲ್ಲಿ ನಂಬಿಕೆಯನ್ನು ಇದ್ದದ್ದು ಇದ್ದಂತೆ ಹೇಳಿದ್ದಾರೆ, ಇನ್ನೊಂದರಲ್ಲಿ ಬೇಡಿಕೊಂಡಿದ್ದಾರೆ. ಎರಡಕ್ಕೂ ಒಂದೇ ಕನ್ನಡ ಹಾಕಿದರೆ ಕಲ್ಲು ಹಾಕಿಸಿದವರಿಗೆ ಅನ್ಯಾಯ.

‘ಯಕೆತ್’ ಬಗ್ಗೆ ಎಚ್ಚರ. ‘ಯಕೆತ್’ ಮಲಗಿದ್ದಾನೆ, ‘ಯಕಿತ್’ ಎಸೆಯುತ್ತಾನೆ. ಕ್ರಿಯಾಪದಗಳೇ ಬೇರೆ ಬೇರೆ. ನಿಘಂಟಿನಲ್ಲಿ ಪ್ರತಿ ಕ್ರಿಯಾಪದಕ್ಕೂ ನಾಲ್ಕು ರೂಪ ಕೊಟ್ಟಿರುತ್ತಾರೆ. ‘ವೀವೋ, ವೀವೆರೆ, ವೀಕ್ಸೀ, ವಿಕ್ತುಮ್’ ಹೀಗೆ. ಎರಡನೆಯ ರೂಪ ನೋಡಿದರೆ ಗಣ ತಿಳಿಯುತ್ತೆ. ಮೂರನೆಯದು ಭೂತಕಾಲದ್ದು. ‘ವೀಕ್ಸಿತ್’ ಬಂದದ್ದು ಆ ಮೂರನೆಯದರಿಂದ: ಬಾಳಿದರು. ನಾಲ್ಕೂ ರೂಪ ನೋಡದೆ ಬರೀ ಕೊನೆ ನೋಡಿ ಅರ್ಥ ಹೇಳೋದು ಊಹೆ, ಓದಲ್ಲ.

ಬೆಂಗಳೂರಿನಿಂದ:

ವಿವರಣೆ ಚೆನ್ನಾಗಿದೆ. ಆದರೆ ಊರಿನ ಜನ ಓದುವ ಹಾಳೆಯಲ್ಲಿ ‘ಆಖ್ಯಾತ ಪ್ರತ್ಯಯ’ ಯಾಕೆ? ಕ್ರಿಯಾಪದಕ್ಕೆ ‘ಎಸಕಪದ’ ಇದೆ. ಪ್ರತ್ಯಯಕ್ಕೆ ‘ಒಟ್ಟು’ ಇದೆ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಬಟ್ಟರು ಇವನ್ನೆಲ್ಲ ಯಾವತ್ತೋ ಕೊಟ್ಟಿದ್ದಾರೆ. ‘ಎಸಕಪದದ ಕೊನೆಯೊಟ್ಟು’ ಅನ್ನಿ. ‘ಎಸಗು’ ಕನ್ನಡದ್ದೇ ಬೇರು. ಮೈಸೂರಿನವರು ಇರುವ ಮಾತು ಬಿಡಬೇಡಿ ಅಂದರು. ‘ಆಖ್ಯಾತ’ ಕನ್ನಡದಲ್ಲಿ ಇದ್ದ ಮಾತಲ್ಲ, ತಂದಿಟ್ಟ ಮಾತು.

ಮೈಸೂರಿನಿಂದ:

ಎಸಕಪದ ಅಂದರೆ ಏನು ಅಂತ ಬೀದಿಯಲ್ಲಿ ಹತ್ತು ಜನರನ್ನು ಕೇಳಿ ನೋಡಿ. ಕ್ರಿಯಾಪದ ಶಾಲೆಗೆ ಹೋದ ಪ್ರತಿ ಮಗುವಿಗೂ ಗೊತ್ತು. ಎಂಟುನೂರು ವರ್ಷದ ಹತ್ತಿರ ಇದ್ದ ಮಾತು ತಂದಿಟ್ಟದ್ದು, ನಿನ್ನೆ ಮೊನ್ನೆ ಕಟ್ಟಿದ್ದು ನಮ್ಮದು ಅನ್ನುವ ವಾದವನ್ನು ನಾನು ಒಪ್ಪಲ್ಲ.

ಟಿಪ್ಪಣಿ ಬರೆಯುವವರಿಗೆ ಒಂದು ಮಾತು. ಇಂಗ್ಲಿಷ್ ಪುಸ್ತಕದಲ್ಲಿ ‘ಫಸ್ಟ್ ಪರ್ಸನ್’ ಅಂತ ಕಂಡರೆ ‘ಪ್ರಥಮ ಪುರುಷ’ ಅಂತ ಇಳಿಸಬೇಡಿ. ನಮ್ಮಲ್ಲಿ ನಾನು, ನಾವು ಉತ್ತಮ ಪುರುಷ. ಪ್ರಥಮ ಪುರುಷ ಅಂದರೆ ಅವನು, ಅವಳು, ಅದು. ಈ ತಪ್ಪು ಅನುವಾದಗಳಲ್ಲಿ ತುಂಬಾ ಇದೆ.

ಶಿವಮೊಗ್ಗದಿಂದ:

ಮೂಲವನ್ನೇ ಯಾರೂ ಹೇಳಲಿಲ್ಲ. ‘ತ್’, ‘ಂತ್’ ಇವು ಸಂಸ್ಕೃತದ ‘ತಿ’, ‘ಅಂತಿ’. ಅಸ್ತಿಗೆ ‘ಎಸ್ತ್’, ಸಂತಿಗೆ ‘ಸುಂತ್’, ಭರತಿಗೆ ‘ಫೆರ್ತ್’, ಭರಂತಿಗೆ ‘ಫೆರುಂತ್’. ಲ್ಯಾಟಿನ್ ಕ್ರಿಯಾಪದ ಸಂಸ್ಕೃತದಿಂದ ಹೋದದ್ದು ಅನ್ನೋದಕ್ಕೆ ಇನ್ನೇನು ಬೇಕು? ಸಂಸ್ಕೃತ ಬಲ್ಲವರಿಗೆ ಗಣದ ಪಾಠ ಬೇಕಾಗಿಲ್ಲ.

ಮಂಗಳೂರಿನಿಂದ:

ಜೋಡಿಗಳು ಸರಿ, ತೀರ್ಮಾನ ತಪ್ಪು. ಲ್ಯಾಟಿನ್ ಸಂಸ್ಕೃತದಿಂದ ಹೋದದ್ದಲ್ಲ. ಎರಡೂ ಇನ್ನೂ ಹಳೆಯ ಒಂದೇ ಭಾಷೆಯಿಂದ ಇಳಿದವು. ಸಂಸ್ಕೃತ ಕಲಿತ ಇಂಗ್ಲಿಷ್ ನ್ಯಾಯಾಧೀಶ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಹೇಳಿದ್ದೂ ಸಮಾನ ಮೂಲ ಅಂತಲೇ. ಆ ಮೂಲ ಈಗ ಉಳಿದಿಲ್ಲದೆ ಇರಬಹುದು ಅಂತಲೂ ಅವರೇ ಅಂದಿದ್ದರು. ಇನ್ನು ‘ಅಮಾಬಿತ್’ನ ‘ಬಿ’ ಸಂಸ್ಕೃತದ ಯಾವ ಲಕಾರದಲ್ಲಿದೆ (ಕಾಲ, ಭಾವ ಹೇಳುವ ರೂಪದಲ್ಲಿದೆ) ತೋರಿಸಿ. ಅಲ್ಲಿ ಭವಿಷ್ಯತ್ತಿಗೆ ‘ಸ್ಯ’ ಬರುತ್ತೆ: ಕರಿಷ್ಯತಿ, ದಾಸ್ಯತಿ. ಲ್ಯಾಟಿನ್ ತನ್ನ ಭವಿಷ್ಯತ್ತನ್ನು ತಾನೇ ಕಟ್ಟಿಕೊಂಡಿತು. ಆದ್ದರಿಂದ ಸಂಸ್ಕೃತ ಬಲ್ಲವರೂ ಗಣ ಕಲಿಯಲೇಬೇಕು.

ಕನ್ನಡದ ಪ್ರತ್ಯಯಗಳ ವಂಶವೇ ಬೇರೆ. ಇಂಗ್ಲಿಷ್ ಅಧಿಕಾರಿ ಎಲ್ಲಿಸ್ 1816ರಲ್ಲೇ ಮದರಾಸಿನಲ್ಲಿ ತೆಲುಗು, ತಮಿಳು, ಕನ್ನಡ ಒಂದು ಬೇರೆಯೇ ಕುಟುಂಬ ಅಂತ ತೋರಿಸಿದರು. ಆದರೆ ಕಟ್ಟುವ ಕ್ರಮ ಲ್ಯಾಟಿನ್ನಿಗೂ ನಮಗೂ ಹತ್ತಿರ. ಮಾಡಿ-ದ-ಅನು. ಅಮಾ-ಬಾ-ಮ್ (ನಾನು ಪ್ರೀತಿಸುತ್ತಿದ್ದೆ). ಮೊದಲು ಧಾತು, ನಡುವೆ ಕಾಲ, ಕೊನೆಗೆ ಪುರುಷ. ಟಿಪ್ಪಣಿಯಲ್ಲಿ ಇದೊಂದು ಸಾಲು ಹಾಕಿ. ಕನ್ನಡ ಓದುಗರಿಗೆ ಬೇಗ ಹಿಡಿಯುತ್ತೆ.

ಬೆಂಗಳೂರಿನಿಂದ:

ಹಾಗಿದ್ದರೆ ಕನ್ನಡದ ವ್ಯಾಕರಣಕ್ಕೆ ಕನ್ನಡದ ಹೆಸರು ಯಾಕೆ ಇರಬಾರದು? ನನ್ನ ಪ್ರಶ್ನೆ ಇನ್ನೂ ಅಲ್ಲೇ ಇದೆ. ಬೇರೆ ವಂಶ ಅಂತ ನೀವೇ ಒಪ್ಪುತ್ತೀರಿ, ಹೆಸರು ಮಾತ್ರ ಎರವಲು.

ಮೈಸೂರಿನಿಂದ:

ಎರವಲು ಅಂದರೆ ಅವಮಾನ ಅಲ್ಲ. ಪಾದ್ರಿ, ಇಗರ್ಜಿ, ಅಲ್ಮೇರಾ – ಮೂರೂ ಪೋರ್ಚುಗೀಸರ ಬಾಯಿಂದ ಕರಾವಳಿಗೆ ಬಂದವು. ಪಾದ್ರಿ ಲ್ಯಾಟಿನ್ನಿನ ‘ಪಾತೆರ್’, ಅಲ್ಮೇರಾ ‘ಅರ್ಮಾರಿಯುಮ್’. ಈ ಕಲ್ಲುಗಳಿರುವ ಜಾಗಕ್ಕೇ ಇಗರ್ಜಿ ಅಂತೀವಿ. ಅದನ್ನೂ ತೆಗೆದುಹಾಕೋಣವೇ? ನಮ್ಮ ಬಾಯಲ್ಲಿ ಹೊರಳಿದ ಮಾತು ನಮ್ಮದು. ಈ ವಿಷಯದಲ್ಲಿ ನಾನು ಇನ್ನು ಬರೆಯಲ್ಲ.

ಉಡುಪಿಯಿಂದ:

ಮೇಷ್ಟ್ರೇ, ಸಾರ್, ಈ ಚರ್ಚೆ ಮುಂದುವರಿಯಲಿ. ಆದರೆ ನನಗೆ ಶುಕ್ರವಾರಕ್ಕೆ ಮೂರು ಉತ್ತರ ಬೇಕು. ಒಂದು, ‘ತ್’ ಅವನೂ ಹೌದು ಅವಳೂ ಹೌದು ಅಂದರೆ ಹೆಂಗಸರ ಗೋರಿಗೆ ಏನು ಬರೆಯಲಿ? ಎರಡು, ಗಂಡ ಹೆಂಡತಿ ಇಬ್ಬರ ಒಂದು ಕಲ್ಲಲ್ಲಿ ‘ರೆಕ್ವಿಯೇಸ್ಕಂತ್’ ಅಂತಿದೆ. ಮೂರು, ಒಂದು ಕಲ್ಲು ಸವೆದಿದೆ. ‘ರೆಕ್ವಿಯೇಸ್ಕ್’ ಆದಮೇಲೆ ಒಂದು ಅಕ್ಷರ ಕಾಣಲ್ಲ, ಆಮೇಲೆ ‘ತ್’ ಇದೆ. ಜೀರ್ಣೋದ್ಧಾರದವರು ಅಕ್ಷರ ತುಂಬಿಸಿ ಬಣ್ಣ ಹಚ್ಚುತ್ತೇವೆ ಅಂತಿದ್ದಾರೆ.

ಮಂಗಳೂರಿನಿಂದ:

ಮೇಡಂ, ಮೊದಲನೆಯದು. ಲ್ಯಾಟಿನ್ ಕ್ರಿಯಾಪದದಲ್ಲಿ ಲಿಂಗ ಇಲ್ಲ, ನಮ್ಮದರಲ್ಲಿ ಇದೆ. ಹೆಸರು ನೋಡಿ. ಅದಿಲ್ಲದಿದ್ದರೆ ‘ಸೆಪುಲ್ತುಸ್ ಎಸ್ತ್’ ಅಥವಾ ‘ಸೆಪುಲ್ತ ಎಸ್ತ್’ ಇದೆಯಾ ಹುಡುಕಿ. ‘ಹೂಳಲಾಯಿತು’ ಅಂತ ಅರ್ಥ. ‘ತುಸ್’ ಗಂಡಸು, ‘ತ’ ಹೆಂಗಸು. ಏನೇ ಆದರೂ ಫಲಕದಲ್ಲಿ ‘ಇಲ್ಲಿ ಮಲಗಿದ್ದಾರೆ’ ಅನ್ನಿ. ಸತ್ತವರನ್ನು ನಾವು ಏಕವಚನದಲ್ಲಿ ಕರೆಯಲ್ಲ. ಲಿಂಗದ ತೊಡಕೂ ತಪ್ಪುತ್ತೆ.

ಎರಡನೆಯದು. ‘ರೆಕ್ವಿಯೇಸ್ಕಂತ್’ ಅದೇ ಹಾರೈಕೆ, ಬಹುವಚನ. ಹಳೆಯ ಲ್ಯಾಟಿನ್ ಪೂಜೆಯಲ್ಲಿ ಸತ್ತವರಿಗಾಗಿ ನಡೆಯುವ ಬಲಿಪೂಜೆಯ ಕೊನೆಗೆ ‘ರೆಕ್ವಿಯೇಸ್ಕಂತ್ ಇನ್ ಪಾಕೆ’ ಅಂತಲೇ ಹೇಳುತ್ತಿದ್ದರು. 1962ರಿಂದ 65ರವರೆಗೆ ನಡೆದ ವ್ಯಾಟಿಕನ್ ಸಭೆ ಆದಮೇಲೆ ಪೂಜೆ ಜನರ ಭಾಷೆಗಳಿಗೆ ಬಂತು. ಅದಕ್ಕೆ ಮುಂಚೆ ಪೂಜೆ ಕೇಳಿದ ಹಿರಿಯರು ಇದ್ದರೆ ಕೇಳಿ, ಅವರಿಗೆ ಈ ಮಾತು ಬಾಯಿಗೇ ಬರುತ್ತೆ. ಉಚ್ಚಾರ ಮಾತ್ರ ‘ಪಾಚೆ’. ಕನ್ನಡದ ‘ಮಲಗಿರಲಿ’ ಒಬ್ಬರಿಗೂ ಆಗುತ್ತೆ, ಇಬ್ಬರಿಗೂ ಆಗುತ್ತೆ. ಬಹುವಚನ ಕಾಣಬೇಕಾದರೆ ‘ಇಬ್ಬರೂ ನೆಮ್ಮದಿಯಲ್ಲಿ ಮಲಗಿರಲಿ’ ಅನ್ನಿ.

ಮೂರನೆಯದು. ತುಂಬಿಸಬಾರದು. ‘ಇ’ ಇಟ್ಟರೆ ಒಂದು ಮಾತು, ‘ಅ’ ಇಟ್ಟರೆ ಇನ್ನೊಂದು. ಎರಡೂ ವ್ಯಾಕರಣಕ್ಕೆ ಸರಿ, ಅದೇ ಊರಿನ ಕಲ್ಲುಗಳಲ್ಲಿ ಎರಡೂ ಇವೆ. ಅಡ್ಡ ಬೆಳಕು ಬೀಳುವ ಹೊತ್ತಿನಲ್ಲಿ ಒಂದು ಫೋಟೋ ತೆಗೆಸಿ. ಲ್ಯಾಟಿನ್ನಿನ ‘ಇ’ ಒಂದೇ ನೆಟ್ಟಗಿನ ಗೀಟು, ‘ಅ’ಗೆ ಎರಡು ಓರೆ ಗೀಟು. ಸ್ವಲ್ಪ ಗುರುತು ಉಳಿದಿದ್ದರೂ ತಿಳಿಯುತ್ತೆ. ಅಕ್ಷರಗಳ ನಡುವಿನ ಜಾಗವನ್ನೂ ಅಳೆಯಿರಿ, ‘ಅ’ಗೆ ಜಾಗ ಜಾಸ್ತಿ ಬೇಕು. ಆಗಲೂ ತಿಳಿಯದಿದ್ದರೆ ಕಲ್ಲನ್ನು ಹಾಗೇ ಬಿಡಿ. ಫಲಕದಲ್ಲಿ ‘ಒಂದು ಅಕ್ಷರ ಸವೆದಿದೆ, ಮಲಗಿದ್ದಾರೆ ಅಥವಾ ಮಲಗಿರಲಿ’ ಅಂತ ಎರಡನ್ನೂ ಬರೆಯಿರಿ. ಫೋಟೋ ಗುರುವಾರದೊಳಗೆ ಇಲ್ಲಿಗೆ ಹಾಕಿದರೆ ನೋಡಿ ಹೇಳುತ್ತೇನೆ.