ರೋಡ್‌ಸೈಡ್ ಅಸಿಸ್ಟೆನ್ಸ್ ಸದಸ್ಯತ್ವಕ್ಕೆ ವರ್ಷಕ್ಕೆ 2,360 ರೂಪಾಯಿ ಕೊಡುವುದು ಸರಿಯೇ?

ಪ್ರಶ್ನೆ: ಸಕಲೇಶಪುರದ ಮಗಳು, ವಿಜಯನಗರ

ಎಲ್ಲರಿಗೂ ನಮಸ್ಕಾರ. ನಮ್ಮದು 2018ರಲ್ಲಿ ಕೊಂಡ, ಆಟೊಮ್ಯಾಟಿಕ್ ಗೇರ್ ಇರುವ ಪೆಟ್ರೋಲ್ ಕಾರು. ವಾರಂಟಿ ಮುಗಿದು ಕೆಲವು ವರ್ಷಗಳಾಗಿವೆ. ವಾರದ ದಿನಗಳಲ್ಲಿ ನಾನು ಮೆಟ್ರೊದಲ್ಲಿಯೇ ಕೆಲಸಕ್ಕೆ ಹೋಗುವುದರಿಂದ ಕಾರು ಹೆಚ್ಚಾಗಿ ಮನೆಯ ಮುಂದೆಯೇ ನಿಂತಿರುತ್ತದೆ. ಆದರೆ ತಿಂಗಳಿಗೊಮ್ಮೆ ಅಮ್ಮನನ್ನು ನೋಡಲು ಸಕಲೇಶಪುರಕ್ಕೆ ಹೋಗುತ್ತೇನೆ. ಹೋಗಿ ಬರುವುದಕ್ಕೆ ಸುಮಾರು 450 ಕಿಲೋಮೀಟರ್ ಆಗುತ್ತದೆ. ನಮ್ಮ ಮನೆಯವರು ಹೊರದೇಶದಲ್ಲಿ ಕೆಲಸದಲ್ಲಿರುವ ಕಾರಣ ಬಹುತೇಕ ನಾನೊಬ್ಬಳೇ ಓಡಿಸುತ್ತೇನೆ.

ಕಳೆದ ಮಳೆಗಾಲದಲ್ಲಿ ಅಮ್ಮನನ್ನು ಬೆಂಗಳೂರಿಗೆ ಕರೆತರುವಾಗ ಹಿರೀಸಾವೆಯ ಸಮೀಪ, ಸಂಜೆ ಏಳು ಗಂಟೆಯ ಹೊತ್ತಿಗೆ, ಬ್ಯಾಟರಿಯ ಚಿತ್ರವಿರುವ ಕೆಂಪು ದೀಪ ಹತ್ತಿಕೊಂಡಿತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಹೆಡ್‌ಲೈಟ್ ಮಂಕಾಗಿ ಕಾರು ನಿಂತೇಹೋಯಿತು. ಮಳೆ ಸುರಿಯುತ್ತಿತ್ತು, ಅಮ್ಮನಿಗೆ ಅರವತ್ತೆಂಟು ವರ್ಷ, ಪಕ್ಕದಲ್ಲೇ ಲಾರಿಗಳು ವೇಗವಾಗಿ ಹಾದುಹೋಗುತ್ತಿದ್ದವು. ರಸ್ತೆಬದಿಯ ಅಂಗಡಿಯವರೊಬ್ಬರು ಯಾರಿಗೋ ಫೋನ್ ಮಾಡಿ ಚನ್ನರಾಯಪಟ್ಟಣದಿಂದ ಮೆಕ್ಯಾನಿಕ್‌ರನ್ನು ಕರೆಸಿಕೊಟ್ಟರು. ಅವರು ಬರುವುದಕ್ಕೆ ಎರಡು ಗಂಟೆಯಾಯಿತು, 1,200 ರೂಪಾಯಿ ತೆಗೆದುಕೊಂಡರು. ಹಣ ಹೋದದ್ದಕ್ಕಿಂತ ಆ ಎರಡು ಗಂಟೆ ಯಾರನ್ನು ಕರೆಯಬೇಕೆಂದು ತಿಳಿಯದೆ ಅಮ್ಮನ ಪಕ್ಕದಲ್ಲಿ ಕುಳಿತದ್ದು ನನಗೆ ಇಂದಿಗೂ ಮರೆತಿಲ್ಲ.

ಈಗ ವಿಮೆ ನವೀಕರಿಸುವ ಸಮಯ ಬಂದಿದೆ. ಒಂದು ಕಂಪನಿಯವರು, ಕಾರು ದಾರಿಯಲ್ಲಿ ಕೆಟ್ಟು ನಿಂತರೆ ನೆರವಿಗೆ ಬರುವ ಸೇವೆಯ ಪ್ರತ್ಯೇಕ ಸದಸ್ಯತ್ವಕ್ಕೆ 2,000 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿ 2,360 ಕೇಳುತ್ತಿದ್ದಾರೆ. ವಿಮಾ ಏಜೆಂಟರು ಇದೇ ಸೌಲಭ್ಯ ಪಾಲಿಸಿಯಲ್ಲಿ ಆಡ್-ಆನ್ (ಹೆಚ್ಚುವರಿ ಹಣ ಕಟ್ಟಿ ಸೇರಿಸಿಕೊಳ್ಳುವ ಸೌಲಭ್ಯ) ಆಗಿ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ ಎನ್ನುತ್ತಾರೆ. ಅಮೆರಿಕದಲ್ಲಿರುವ ನನ್ನ ತಮ್ಮ, ಅಲ್ಲಿ ಇಂಥ ಸದಸ್ಯತ್ವವಿಲ್ಲದೆ ಯಾರೂ ದೂರ ಹೊರಡುವುದಿಲ್ಲ, ಯೋಚಿಸದೆ ತೆಗೆದುಕೋ ಅಕ್ಕ ಎನ್ನುತ್ತಾನೆ. ಬಳಸಿದ ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ: ಪಾಲಿಸಿ ಓದುವವನು, ಮಲ್ಲೇಶ್ವರ

ನಮಸ್ಕಾರ ಮೇಡಂ. ನಾನು ವಿಮಾ ಕ್ಷೇತ್ರದಲ್ಲಿ ದುಡಿದು ನಿವೃತ್ತನಾದವನು. ಹೊಸದಾಗಿ ಏನನ್ನಾದರೂ ಕೊಳ್ಳುವ ಮೊದಲು, ಈಗಾಗಲೇ ನಿಮ್ಮ ಕೈಯಲ್ಲಿ ಏನಿದೆ ಎಂಬುದನ್ನು ನೋಡಿಕೊಳ್ಳಬೇಕೆಂದು ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ. ಕಳೆದ ವರ್ಷದ ಪಾಲಿಸಿಯ ಶೆಡ್ಯೂಲ್ ಪುಟವನ್ನು ತೆರೆದು, ಪ್ರೀಮಿಯಂ ಲೆಕ್ಕವಿರುವ ಜಾಗದಲ್ಲಿ ಯಾವ ಯಾವ ಆಡ್-ಆನ್‌ಗಳಿಗೆ ಹಣ ಕಟ್ಟಿದ್ದೀರಿ ಎಂದು ಮೊದಲು ಓದಿ.

ಹಲವರು ಕಾಂಪ್ರಹೆನ್ಸಿವ್ (ಪ್ಯಾಕೇಜ್) ಪಾಲಿಸಿ ಇದ್ದರೆ ಟೋಯಿಂಗ್ ಖರ್ಚು, ಅಂದರೆ ಕೆಟ್ಟ ವಾಹನವನ್ನು ಸಾಗಿಸುವ ಖರ್ಚು, ತಾನಾಗಿಯೇ ಸಿಗುತ್ತದೆಂದು ತಿಳಿದಿರುತ್ತಾರೆ. ಅದು ಅರ್ಧ ಸತ್ಯ ಮಾತ್ರ. ಸಾಮಾನ್ಯ ಪ್ಯಾಕೇಜ್ ಪಾಲಿಸಿಯಲ್ಲಿ, ಅಪಘಾತವಾದಾಗ ವಾಹನವನ್ನು ಹತ್ತಿರದ ರಿಪೇರಿ ಜಾಗಕ್ಕೆ ಸಾಗಿಸಲು ಕಾರಿಗೆ 1,500 ರೂಪಾಯಿ, ದ್ವಿಚಕ್ರ ವಾಹನಕ್ಕೆ 300 ರೂಪಾಯಿಯ ಮಿತಿ ಇರುತ್ತದೆ. ಈಗಿನ ಬಾಡಿಗೆಗೆ ಅದು ಯಾವ ಮೂಲೆಗೂ ಸಾಲದು. ಅದಕ್ಕಿಂತ ಮುಖ್ಯವಾಗಿ, ನಿಮಗೆ ಆದಂತೆ ಅಪಘಾತವಿಲ್ಲದೆ ಕಾರು ಕೆಟ್ಟು ನಿಂತರೆ ಅದರಿಂದ ಒಂದು ರೂಪಾಯಿಯೂ ಸಿಗುವುದಿಲ್ಲ. ಅಪಘಾತದ ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್ ಕೈಬಿಡುತ್ತದೆ. ಐದು ವರ್ಷ ಕ್ಲೇಮ್ ಮಾಡದವರಿಗೆ ಅದು ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಶೇ. 50ರಷ್ಟು ರಿಯಾಯಿತಿ. ರಸ್ತೆ ನೆರವಿನ ಆಡ್-ಆನ್ ಬಳಸಿದರೆ ಸಾಮಾನ್ಯವಾಗಿ ಈ ಬೋನಸ್‌ಗೆ ತೊಂದರೆಯಾಗುವುದಿಲ್ಲ. ಇತರರಿಗಾದ ಹಾನಿಗಷ್ಟೇ ಸಿಗುವ ಥರ್ಡ್ ಪಾರ್ಟಿ ವಿಮೆ ಮಾತ್ರ ಇರುವವರಿಗೆ ಸಾಮಾನ್ಯವಾಗಿ ಆ ಟೋಯಿಂಗ್ ಹಣವೂ ಇಲ್ಲ, ಈ ಆಡ್-ಆನ್ ಕೂಡ ಇಲ್ಲ. ಪ್ರತ್ಯೇಕ ಸದಸ್ಯತ್ವಕ್ಕೆ ನಿಜವಾದ ಅರ್ಥವಿರುವುದು ಅಂಥವರಿಗೇ ಎಂಬುದು ನನ್ನ ಅಭಿಪ್ರಾಯ.

ಆಡ್-ಆನ್ ಆಗಲಿ ಸದಸ್ಯತ್ವವಾಗಲಿ, ಬೆಲೆಗಿಂತ ಮೊದಲು ಷರತ್ತುಗಳ ಪುಟವನ್ನು ಕೇಳಿ ಪಡೆಯಿರಿ. ಟೋಯಿಂಗ್ ಎಷ್ಟು ಕಿಲೋಮೀಟರ್‌ವರೆಗೆ ಉಚಿತ, ಆ ದೂರವನ್ನು ಕಾರು ನಿಂತ ಜಾಗದಿಂದ ಎಣಿಸುತ್ತಾರೋ ಅಥವಾ ಕ್ರೇನ್ ಹೊರಟ ಜಾಗದಿಂದಲೋ, ನಾವು ಹೇಳಿದ ಗ್ಯಾರೇಜಿಗೆ ಒಯ್ಯುತ್ತಾರೋ ಅಥವಾ ಹತ್ತಿರದ ಅಧಿಕೃತ ವರ್ಕ್‌ಶಾಪ್‌ಗೆ ಮಾತ್ರವೋ, ಹಣ ಕಟ್ಟಿದ ದಿನದಿಂದಲೇ ಸೇವೆ ಆರಂಭವೋ ಅಥವಾ ಕೆಲವು ದಿನ ಕಾಯಬೇಕೋ, ಇವಿಷ್ಟು ಅಲ್ಲಿ ಇದ್ದೇ ಇರುತ್ತವೆ. ಸೀಟಿನ ಮೇಲೆ ಬೀಗದ ಕೈ ಬಿಟ್ಟರೆ ಬಾಗಿಲು ತೆಗೆಯುವುದು, ಐದು ಲೀಟರ್ ಪೆಟ್ರೋಲ್ ತಂದುಕೊಡುವುದು ಮುಂತಾದವನ್ನು ಜಾಹೀರಾತಿನಲ್ಲಿ ದೊಡ್ಡದಾಗಿ ಬರೆಯುತ್ತಾರೆ. ಅವುಗಳಿಗೆ ನಾನು ಬೆಲೆ ಕಟ್ಟುವುದಿಲ್ಲ.

ನಿಮ್ಮ ತಮ್ಮ ಹೇಳುವುದು ಅವರಿರುವ ದೇಶಕ್ಕೆ ಸರಿ. ಅಲ್ಲಿ 1902ರಲ್ಲಿ ಆರಂಭವಾದ ಎಎಎ ಎಂಬ ವಾಹನ ಸವಾರರ ಸಂಸ್ಥೆಯ ಸದಸ್ಯತ್ವ ವ್ಯಕ್ತಿಗೆ ಸೇರಿದ್ದು. ಸದಸ್ಯರು ಯಾವ ಕಾರಿನಲ್ಲಿದ್ದರೂ ನೆರವು ಸಿಗುತ್ತದೆ. ನಮ್ಮಲ್ಲಿ ಮಾರಾಟವಾಗುವ ಬಹುತೇಕ ಯೋಜನೆಗಳು ವಾಹನದ ನೋಂದಣಿ ಸಂಖ್ಯೆಗೆ ಅಂಟಿಕೊಂಡಿರುತ್ತವೆ. ಮನೆಯಲ್ಲಿ ಎರಡು ವಾಹನವಿದ್ದರೆ ಎರಡಕ್ಕೂ ಬೇರೆ ಬೇರೆ ಹಣ.

ಇನ್ನೊಂದು ಮಾತು. ನೀವು ಓಡಾಡುವ ರಸ್ತೆ ರಾಷ್ಟ್ರೀಯ ಹೆದ್ದಾರಿ 75. ಆ ದಾರಿಯಲ್ಲಿ ನೀವು ಟೋಲ್ ಕಟ್ಟುತ್ತೀರಿ. ಹೆದ್ದಾರಿ ಪ್ರಾಧಿಕಾರದ 1033 ಸಹಾಯವಾಣಿಗೆ ಕರೆ ಮಾಡಿದರೆ ಗಸ್ತು ವಾಹನ, ಆಂಬುಲೆನ್ಸ್, ಕ್ರೇನ್ ಕಳುಹಿಸುವ ವ್ಯವಸ್ಥೆ ಟೋಲ್ ರಸ್ತೆಗಳಲ್ಲಿದೆ. ಅದು ನಿಮ್ಮ ಕಾರನ್ನು ರಿಪೇರಿ ಮಾಡಿಕೊಡುವ ಸೇವೆಯಲ್ಲ, ರಸ್ತೆಯಿಂದ ಪಕ್ಕದ ಸುರಕ್ಷಿತ ಜಾಗಕ್ಕೆ ತರುವ ಸೇವೆ. ಆದರೆ ಕತ್ತಲಲ್ಲಿ, ಮಳೆಯಲ್ಲಿ, ಲಾರಿಗಳ ನಡುವೆ ನಿಂತವರಿಗೆ ಮೊದಲು ಬೇಕಾದದ್ದು ಅದೇ.

ಉತ್ತರ: ಬಾಪೂಜಿನಗರ ಗ್ಯಾರೇಜು

ಮೇಡಂ, ಮೈಸೂರು ರಸ್ತೆಯಲ್ಲಿ ನಮ್ಮ ಸಣ್ಣ ಗ್ಯಾರೇಜು ಇದೆ. ನೀವು ಬರೆದ ಲಕ್ಷಣಗಳನ್ನು ನೋಡಿದರೆ ಅಂದು ಕೆಟ್ಟದ್ದು ಬ್ಯಾಟರಿಯಲ್ಲ, ಆಲ್ಟರ್ನೇಟರ್ ಅಥವಾ ಅದರ ಬೆಲ್ಟ್ ಇರಬೇಕು. ಓಡುವ ಎಂಜಿನ್‌ಗೆ ಕರೆಂಟು ಕೊಡುವುದು ಆಲ್ಟರ್ನೇಟರ್. ಅದು ನಿಂತ ಮೇಲೆ ಕಾರು ಬ್ಯಾಟರಿಯಲ್ಲಿ ಉಳಿದದ್ದನ್ನು ತಿನ್ನುತ್ತಾ ಸ್ವಲ್ಪ ದೂರ ಹೋಗುತ್ತದೆ. ಹೆಡ್‌ಲೈಟ್, ವೈಪರ್, ಎ.ಸಿ. ಎಲ್ಲ ಹಾಕಿದ್ದರೆ ಇನ್ನೂ ಬೇಗ ನಿಲ್ಲುತ್ತದೆ. ಇಂಥ ಸಂದರ್ಭದಲ್ಲಿ ನೆರವಿನ ಕಂಪನಿಯವರು ಬಂದು ಜಂಪ್ ಸ್ಟಾರ್ಟ್ (ಬೇರೆ ಬ್ಯಾಟರಿಯ ಕರೆಂಟಿನಿಂದ ಚಾಲು) ಮಾಡಿಕೊಟ್ಟರೂ ಕಾರು ಮತ್ತೆ ಕೆಲವು ಕಿಲೋಮೀಟರ್‌ನಲ್ಲಿ ನಿಲ್ಲುತ್ತಿತ್ತು. ನಿಮಗೆ ಬೇಕಾಗಿದ್ದದ್ದು ಟೋಯಿಂಗ್. ಆದ್ದರಿಂದ ಯೋಜನೆಯನ್ನು ಆರಿಸುವಾಗ ಟೋಯಿಂಗ್ ಒಂದನ್ನೇ ಮುಖ್ಯವಾಗಿ ನೋಡಿ ಎಂದು ಮೇಲಿನವರು ಹೇಳಿದ್ದನ್ನು ನಾನೂ ಒಪ್ಪುತ್ತೇನೆ.

ನಿಮ್ಮದು ಆಟೊಮ್ಯಾಟಿಕ್ ಆಗಿರುವುದರಿಂದ ಇಡೀ ಕಾರನ್ನು ಮೇಲೆ ಹತ್ತಿಸಿಕೊಂಡು ಒಯ್ಯುವ ಫ್ಲಾಟ್‌ಬೆಡ್ ಗಾಡಿಯೇ ಬೇಕು. ಟಾರ್ಕ್ ಕನ್ವರ್ಟರ್ ಅಥವಾ ಸಿವಿಟಿ ಎಂಬ ಬಗೆಯ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನಲ್ಲಿ ಎಂಜಿನ್ ನಿಂತಾಗ ಆಯಿಲ್ ಪಂಪ್ ಕೂಡ ನಿಲ್ಲುತ್ತದೆ. ಆಗ ಎಳೆಯುವ ಚಕ್ರಗಳು ನೆಲದ ಮೇಲೆ ಉರುಳುತ್ತಾ ದೂರ ಹೋದರೆ ಒಳಗೆ ಎಣ್ಣೆಯಿಲ್ಲದೆ ತಿರುಗಿ ಗೇರ್‌ಬಾಕ್ಸ್ ಸುಟ್ಟುಹೋಗುತ್ತದೆ. ಹಗ್ಗ ಕಟ್ಟಿ ಎಳೆತಂದ ಕಾರಿನ ಗೇರ್‌ಬಾಕ್ಸ್ ಬಿಚ್ಚಿ ನೋಡಿದ್ದೇನೆ, ಆ ಖರ್ಚು ಹೇಳಿದಾಗ ಮಾಲೀಕರ ಮುಖ ನೋಡುವುದು ಕಷ್ಟ. ಎಲೆಕ್ಟ್ರಿಕ್ ಕಾರುಗಳಿಗೂ ಫ್ಲಾಟ್‌ಬೆಡ್ಡೇ ಬೇಕು. ಹಾಗಾಗಿ ‘ಟೋಯಿಂಗ್ ಇದೆ’ ಎಂಬ ಮಾತು ಸಾಲದು. ‘ಫ್ಲಾಟ್‌ಬೆಡ್’ ಎಂಬ ಪದ ಬರವಣಿಗೆಯಲ್ಲಿರಲಿ.

ಇನ್ನು ಬೆಂಗಳೂರಿನ ಒಳಗಿನ ಮಾತು. ವಿಜಯನಗರದಲ್ಲಿ ಕಾರು ಕೆಟ್ಟರೆ ನಿಮಗೆ ಯಾವ ಸದಸ್ಯತ್ವವೂ ಬೇಕಿಲ್ಲ, ಪರಿಚಯದ ಮೆಕ್ಯಾನಿಕ್ ಒಬ್ಬರ ನಂಬರ್ ಇದ್ದರೆ ಸಾಕು. ಕಂಪನಿಯವರು ಎಲ್ಲಿಂದಲೋ ಕಳುಹಿಸಿದ ಗಾಡಿ ಸಂಜೆಯ ಟ್ರಾಫಿಕ್ ದಾಟಿ ಬರುವಷ್ಟರಲ್ಲಿ ಪಕ್ಕದ ಬೀದಿಯ ಹುಡುಗ ಕೆಲಸ ಮುಗಿಸಿರುತ್ತಾನೆ. ಪಂಕ್ಚರ್ ಅಂಗಡಿಯಂತೂ ಹೆಜ್ಜೆಗೊಂದು. ಆದರೆ ಒಂದು ವಿಷಯ ನೋಡಿಕೊಳ್ಳಿ: ಟೈರ್ ರಿಪೇರಿ ಕಿಟ್ ಮತ್ತು ಗಾಳಿಯ ಒತ್ತಡ ತೋರಿಸುವ ವ್ಯವಸ್ಥೆ ಇದ್ದರೆ ಸ್ಟೆಪ್ನಿ ಇಲ್ಲದೆಯೂ ಕಾರು ಮಾರಬಹುದೆಂದು 2020ರಲ್ಲಿ ನಿಯಮ ಬದಲಾಗಿದೆ. ನಿಮ್ಮ 2018ರ ಕಾರಿನಲ್ಲಿ ಸ್ಟೆಪ್ನಿ ಇದ್ದೇ ಇರುತ್ತದೆ, ಆದರೆ ಅದರಲ್ಲಿ ಗಾಳಿ ಇದೆಯೇ ಎಂದು ನೋಡಿ ಎಷ್ಟು ದಿನವಾಯಿತು?

ವಾರವೆಲ್ಲ ನಿಂತಿರುವ ಕಾರಿಗೆ ಬ್ಯಾಟರಿಯೇ ದೊಡ್ಡ ಚಿಂತೆ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿಯಲ್ಲಿ 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್ ಇದೆ ಎಂದರ್ಥ, 12.2ಕ್ಕೆ ಇಳಿದಿದ್ದರೆ ಅರ್ಧ ಖಾಲಿ. ಎಂಜಿನ್ ಓಡುವಾಗ 14 ವೋಲ್ಟಿನ ಆಸುಪಾಸು ತೋರಿಸಬೇಕು. ಆಗಲೂ 12ರ ಬಳಿಯೇ ಇದ್ದರೆ ಆಲ್ಟರ್ನೇಟರ್ ಕೆಲಸ ಮಾಡುತ್ತಿಲ್ಲ. ಮೀಟರ್ ಹಿಡಿದು ನೋಡಲು ಐದು ನಿಮಿಷ ಸಾಕು, ಊರಿಗೆ ಹೊರಡುವ ಹಿಂದಿನ ದಿನ ಯಾವ ಗ್ಯಾರೇಜಿನಲ್ಲಾದರೂ ನೋಡಿಕೊಡುತ್ತಾರೆ. ಬ್ಯಾಟರಿಗೆ ನಾಲ್ಕು ವರ್ಷ ದಾಟಿದ್ದರೆ ಸದಸ್ಯತ್ವದ ಹಣವನ್ನು ಹೊಸ ಬ್ಯಾಟರಿಗೆ ಸೇರಿಸಿ ಎಂದೇ ನಾನು ಹೇಳುವುದು.

ಉತ್ತರ: ಘಟ್ಟದ ದಾರಿ, ಯಲಹಂಕ

ನಾನು ಮೇಲಿನ ಇಬ್ಬರಿಗಿಂತ ಸ್ವಲ್ಪ ಬೇರೆ ಮಾತು ಹೇಳಬೇಕಾಗಿದೆ. ಐದು ವರ್ಷ ಪ್ರತ್ಯೇಕ ಸದಸ್ಯತ್ವಕ್ಕೆ ಹಣ ಕಟ್ಟಿದ್ದೇನೆ, ಎರಡು ಸಲ ಕರೆದಿದ್ದೇನೆ. ಒಮ್ಮೆ ನೆಲಮಂಗಲ ದಾಟಿದ ಮೇಲೆ ಕ್ಲಚ್ ಹೋದಾಗ ಮುಕ್ಕಾಲು ಗಂಟೆಯಲ್ಲಿ ಗಾಡಿ ಬಂತು, ಕಾರನ್ನು ಮನೆಯ ಹತ್ತಿರದ ವರ್ಕ್‌ಶಾಪ್‌ಗೆ ತಂದಿಳಿಸಿದರು, ನಾನು ಒಂದು ಪೈಸೆ ಕೊಡಲಿಲ್ಲ. ಇನ್ನೊಮ್ಮೆ ಚಾರ್ಮಾಡಿ ಘಟ್ಟದಲ್ಲಿ, ಮೊಬೈಲ್ ಸಿಗ್ನಲ್‌ಗಾಗಿ ಅರ್ಧ ಗಂಟೆ ನಡೆದು ಕರೆ ಮಾಡಿದಾಗ, ನಮ್ಮ ಸೇವಾ ವಾಹನ ಆ ಭಾಗದಲ್ಲಿ ಲಭ್ಯವಿಲ್ಲ, ನೀವೇ ವ್ಯವಸ್ಥೆ ಮಾಡಿಕೊಂಡು ಬಿಲ್ ಕಳುಹಿಸಿ ಎಂದರು. ಬಿಲ್ ಕಳುಹಿಸಿದೆ, ಅರ್ಧ ಹಣ ಬಂತು. ನಾನು ಹಣ ಕಟ್ಟಿದ್ದೇ ಘಟ್ಟದ ದಾರಿಗಾಗಿ. ಬೇಕಾದ ಜಾಗದಲ್ಲೇ ಅದು ಸಿಗದೇಹೋದ ನೋವು ನನಗೆ ಇನ್ನೂ ಇದೆ.

ಹಾಗಿದ್ದರೂ ನಾನು ಅದನ್ನು ಬಿಟ್ಟಿಲ್ಲ. ನನ್ನ ಮಗಳು ಈಗ ಕಾರು ಓಡಿಸುತ್ತಾಳೆ. ರಾತ್ರಿ ಹೊತ್ತಿನಲ್ಲಿ ಅವಳು ಗುರುತಿಲ್ಲದ ಊರಿನ ಗುರುತಿಲ್ಲದವರ ಜೊತೆ ಚೌಕಾಸಿ ಮಾಡುತ್ತಾ ನಿಲ್ಲುವ ಬದಲು ಒಂದೇ ನಂಬರ್‌ಗೆ ಕರೆ ಮಾಡಲಿ, ಅಲ್ಲಿಂದ ಬಂದವರ ಹೆಸರು, ಗಾಡಿಯ ಸಂಖ್ಯೆ ದಾಖಲೆಯಲ್ಲಿರಲಿ ಎಂಬುದು ನನ್ನ ಆಸೆ. ಇದನ್ನು ರೂಪಾಯಿ ಲೆಕ್ಕದಲ್ಲಿ ತೂಗಲು ನನಗೆ ಬರುವುದಿಲ್ಲ. ಆದರೆ ನೀವು ಕೊಳ್ಳುವ ಮೊದಲು ಅವರ ಕಾಲ್ ಸೆಂಟರ್‌ಗೆ ಫೋನ್ ಮಾಡಿ, ‘ಸಕಲೇಶಪುರದಿಂದ ಮಾರನಹಳ್ಳಿಯ ಕಡೆ ಕಾರು ನಿಂತರೆ ನಿಮ್ಮ ಗಾಡಿ ಯಾವ ಊರಿನಿಂದ ಬರುತ್ತದೆ?’ ಎಂದು ನೇರವಾಗಿ ಕೇಳಿ. ಊರಿನ ಹೆಸರು ಹೇಳಿದರೆ ಕೊಳ್ಳಿ, ‘ಭಾರತದಾದ್ಯಂತ ಸೇವೆ ಇದೆ’ ಎಂದಷ್ಟೇ ಹೇಳಿದರೆ ಬೇಡ.

ಸಕಲೇಶಪುರದ ಮಗಳು, ವಿಜಯನಗರ

ಮೂವರಿಗೂ ತುಂಬು ಹೃದಯದ ಧನ್ಯವಾದಗಳು. ಮಲ್ಲೇಶ್ವರದ ಹಿರಿಯರು ಹೇಳಿದಂತೆ ನಿನ್ನೆ ರಾತ್ರಿ ಹಳೆಯ ಪಾಲಿಸಿಯ ಶೆಡ್ಯೂಲ್ ತೆರೆದು ನೋಡಿದೆ. ರೋಡ್‌ಸೈಡ್ ಅಸಿಸ್ಟೆನ್ಸ್ ಆಡ್-ಆನ್ ಅದರಲ್ಲಿತ್ತು. ನಾನು ಅದಕ್ಕೆ ಹಣ ಕಟ್ಟಿದ್ದೆ. ಹಿರೀಸಾವೆಯಲ್ಲಿ ಅಮ್ಮನ ಜೊತೆ ಮಳೆಯಲ್ಲಿ ಕುಳಿತ ದಿನವೂ ಅದು ಚಾಲ್ತಿಯಲ್ಲಿತ್ತು. ಏಜೆಂಟರೂ ಹೇಳಿರಲಿಲ್ಲ, ನಾನೂ ಓದಿರಲಿಲ್ಲ. ಇದನ್ನು ಬರೆಯುವಾಗಲೂ ಸಂಕಟವಾಗುತ್ತಿದೆ.

ಷರತ್ತುಗಳಲ್ಲಿ 50 ಕಿಲೋಮೀಟರ್‌ವರೆಗೆ ಟೋಯಿಂಗ್ ಎಂದಿದೆ, ಕಾರು ನಿಂತ ಜಾಗದಿಂದ ಹತ್ತಿರದ ಅಧಿಕೃತ ವರ್ಕ್‌ಶಾಪ್‌ಗೆ ಎಂದಿದೆ. ಸಕಲೇಶಪುರದಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರ್ ಆಗುವುದರಿಂದ ನನ್ನ ದಾರಿಗೆ ಅದು ಸಾಕಾಗಬಹುದು. ಕಾಲ್ ಸೆಂಟರ್‌ಗೆ ಫೋನ್ ಮಾಡಿ ಕೇಳಿದಾಗ ಗಾಡಿ ಹಾಸನದಿಂದ ಬರುತ್ತದೆ ಎಂದರು. ಫ್ಲಾಟ್‌ಬೆಡ್ ಬಗ್ಗೆ ಮಾತ್ರ ಸ್ಪಷ್ಟ ಉತ್ತರ ಸಿಗಲಿಲ್ಲವಾದ್ದರಿಂದ ಇಮೇಲ್ ಬರೆದು ಕೇಳಿದ್ದೇನೆ. ಈ ವರ್ಷ 2,360ರ ಸದಸ್ಯತ್ವ ಬೇಡವೆಂದು ತೀರ್ಮಾನಿಸಿ, ಆಡ್-ಆನ್ ಮುಂದುವರಿಸಿ, ಐದು ವರ್ಷದ ಹಳೆಯ ಬ್ಯಾಟರಿಯನ್ನು ಬದಲಿಸುತ್ತಿದ್ದೇನೆ.

ಬಾಪೂಜಿನಗರದ ಸರ್, ಒಂದೇ ಪ್ರಶ್ನೆ ಉಳಿದಿದೆ. ನಮ್ಮದು ಎಎಂಟಿ, ಅಂದರೆ ಮಾಮೂಲಿ ಗೇರನ್ನೇ ಯಂತ್ರ ಬದಲಿಸುವ ಬಗೆಯ ಆಟೊಮ್ಯಾಟಿಕ್. ಬ್ಯಾಟರಿ ಪೂರ್ತಿ ಸತ್ತಾಗ ಕಾರನ್ನು ಫ್ಲಾಟ್‌ಬೆಡ್ ಮೇಲೆ ಹತ್ತಿಸುವುದು ಹೇಗೆ? ಅಂದು ತಳ್ಳಲು ಹೋದರೆ ಚಕ್ರವೇ ತಿರುಗಲಿಲ್ಲ.

ಉತ್ತರ: ಬಾಪೂಜಿನಗರ ಗ್ಯಾರೇಜು

ಮೇಡಂ, ಎಎಂಟಿಯಲ್ಲಿ ಗೇರ್ ಬದಲಾಗುವುದೇ ಕರೆಂಟಿನಿಂದ. ಗೇರಿನಲ್ಲಿದ್ದಾಗಲೇ ಬ್ಯಾಟರಿ ಸತ್ತರೆ ಅದು ಅಲ್ಲೇ ಹಿಡಿದುಕೊಳ್ಳುತ್ತದೆ, ಅಂದು ಆದದ್ದೂ ಅದೇ. ಕೆಂಪು ದೀಪ ಹತ್ತಿ ಲೈಟು ಮಂಕಾಗುತ್ತಿದೆ ಎಂದು ಕಂಡ ಕೂಡಲೇ ರಸ್ತೆಯ ಎಡಕ್ಕೆ ನಿಲ್ಲಿಸಿ, ಇನ್ನೂ ಕರೆಂಟು ಇರುವಾಗಲೇ ನ್ಯೂಟ್ರಲ್‌ಗೆ ತಂದು ಹ್ಯಾಂಡ್‌ಬ್ರೇಕ್ ಹಾಕಿಬಿಡಿ. ತಡವಾಗಿಹೋದರೆ ಗಾಡಿಯವರು ಬಂದಾಗ ಮೊದಲು ಜಂಪರ್ ಕೇಬಲ್ ಹಾಕಿಸಿ, ಆ ಕರೆಂಟಿನಲ್ಲಿ ನ್ಯೂಟ್ರಲ್ ಮಾಡಿಸಿ, ಆಮೇಲೆ ಹತ್ತಿಸಲು ಹೇಳಿ. ಕರೆ ಮಾಡುವಾಗಲೇ ‘ಎಎಂಟಿ, ಗೇರಿನಲ್ಲಿ ಹಿಡಿದುಕೊಂಡಿದೆ’ ಎಂದು ತಿಳಿಸಿದರೆ ಬೇಕಾದ ಸಾಮಾನು ತರುತ್ತಾರೆ. ಹಳೆಯ ಬ್ಯಾಟರಿ ಬದಲಿಸುವಾಗ ಆಲ್ಟರ್ನೇಟರ್ ಬೆಲ್ಟನ್ನೂ ನೋಡಿಸಿ. ಬಿರುಕು ಬಿಟ್ಟಿದ್ದರೆ ಅದೇ ದಿನ ಬದಲಿಸಿಬಿಡಿ.