ಹೊನೊಲುಲು ಗೋಡೆ ಮೇಲಿನ ಜಂಪಿಂಗ್ ಸ್ಪೈಡರ್ ಹವೈಕಾನಾ?

ತುಂಗಾತೀರ:
ಎಲ್ರಿಗೂ ನಮಸ್ಕಾರ, ಈಗ ಹೊನೊಲುಲುನಲ್ಲಿದೀನಿ, ಅಪಾರ್ಟ್‌ಮೆಂಟ್ ಗೋಡೆ ಮೇಲೆ ದಿನಾ ಒಂದು ಜಂಪಿಂಗ್ ಸ್ಪೈಡರ್ ಕಾಣ್ಸುತ್ತೆ, ಬೂದು ಬಣ್ಣ, ಚಪ್ಪಟೆ ಮೈ, ಹೊಟ್ಟೆಯ ಎರಡೂ ಅಂಚಿಗೆ ಕಪ್ಪು ಗೆರೆ. ಹವಾಯಿಲಿ ಹವೈಕಾ ಅಂತ ಈ ಕಡೆಯದೇ ಒಂದು ಜೇಡದ ಕುಲ (ಜೀನಸ್) ಇದೆ ಅಂತ ಓದಿದ್ದೆ, ಇದು ಅದೇನಾ? ಮತ್ತೆ ಸುತ್ತ ಬರೀ ಸಮುದ್ರ ಇರೋ ಕಡೆಗೆ ಜೇಡ ಬಂದಿದ್ದಾದ್ರೂ ಹೇಗೆ?

ಗೋಡೆಜೇಡ:
ನೀವು ಹೇಳೋ ಗುರುತು ನೋಡಿದ್ರೆ ಹವೈಕಾ ಅಲ್ಲ, ಮೆನೆಮೆರಸ್ ಬೈವಿಟ್ಟೇಟಸ್ ಅನ್ನೋ ಬೇರೆ ಜಂಪಿಂಗ್ ಸ್ಪೈಡರ್‌ನ ಹೆಣ್ಣು ಅನ್ಸುತ್ತೆ. ಬೆಂಗಳೂರಲ್ಲಿ ಕಾಂಪೌಂಡ್ ಗೋಡೆ ಮೇಲೆ ನೊಣ ಹಿಡಿಯೋದೂ ಇದೇ ಜೇಡ, ಮನುಷ್ಯರ ಸಾಮಾನಿನ ಜೊತೆ ಸೆಕೆ ಇರೋ ದೇಶಗಳೆಲ್ಲಾ ಸುತ್ತಿಬಿಟ್ಟಿದೆ. ಹವೈಕಾ ಬೇಕಂದ್ರೆ ಅಲ್ಲಿನ ಮೂಲ ಕಾಡಿನ ಗಿಡ ಪೊದೆಗಳಲ್ಲಿ ಹುಡುಕಿ. ಮೇಲಿಂದ ಒಂದು, ಮುಖ ಕಾಣೋ ಹಾಗೆ ಒಂದು ಫೋಟೋ ಹಾಕಿ, ಆಗ ಇನ್ನೂ ಸರಿಯಾಗಿ ಹೇಳ್ಬೋದು.

ಕಾಡುಮಲ್ಲಿಗೆ:
ಎರಡನೇ ಪ್ರಶ್ನೆಗೆ ನಾನು ಹೇಳ್ತೀನಿ. ಕ್ಯಾಲಿಫೋರ್ನಿಯಾ ತೀರದಿಂದ್ಲೇ ಸುಮಾರು 3,800 ಕಿ.ಮೀ. ಆಗುತ್ತೆ, ಅಷ್ಟು ದೂರಕ್ಕೆ ಹವೈಕಾ ತರದ ಅಲ್ಲಿನ ಮೂಲ ಜೇಡಗಳಿಗೆ ಗಾಳಿನೇ ದಾರಿ ಇರ್ಬೇಕು. ಜೇಡದ ಮರಿ ಎಲೆ ತುದಿಗೆ ಹತ್ತಿ ಹಿಂಭಾಗ ಎತ್ತಿ ನೂಲು ಬಿಡುತ್ತೆ, ಗಾಳಿ ಸಿಕ್ತು ಅಂದ್ರೆ ನೂಲಿನ ಜೊತೆ ತಾನೂ ಮೇಲೆ ಹೋಗುತ್ತೆ, ಹೀಗೆ ಹೋದವು ಬಹುತೇಕ ನೀರಿಗೇ ಬೀಳ್ತವೆ, ಆದ್ರೆ ಲಕ್ಷಾಂತರ ವರ್ಷದಲ್ಲಿ ಎಲ್ಲೋ ಒಂದೆರಡು ನೆಲ ಮುಟ್ಟಿದ್ರೂ ಸಾಕಲ್ವಾ. ಆಮೇಲಿನ ಕತೆ ನಂಗೆ ತುಂಬಾ ಇಷ್ಟ, ಇವು ಜ್ವಾಲಾಮುಖಿಯಿಂದ ಒಂದಾದ ಮೇಲೊಂದು ಎದ್ದ ದ್ವೀಪಗಳು, ಕೌವಾಯಿಗೆ ಸುಮಾರು 50 ಲಕ್ಷ ವರ್ಷ, ಬಿಗ್ ಐಲ್ಯಾಂಡ್‌ಗೆ ಇನ್ನೂ 10 ಲಕ್ಷನೂ ಆಗಿಲ್ಲ, ಅದಕ್ಕೇ ಯಾವ ಜೇಡ ಎಲ್ಲಿಂದ ಎಲ್ಲಿಗೆ ಹೋಗಿ ಬೇರೆ ಪ್ರಭೇದ ಆಯ್ತು ಅನ್ನೋದನ್ನ ದ್ವೀಪದ ವಯಸ್ಸಿನ ಜೊತೆ ಇಟ್ಟು ನೋಡ್ಬೋದು. 1900ರಲ್ಲಿ ಫ್ರಾನ್ಸಿನ ಜೇಡತಜ್ಞ ಯೂಜೀನ್ ಸಿಮೋನ್ ಈಗ ಹವೈಕಾ ಅನ್ನೋ ಜೇಡಗಳಲ್ಲಿ ಕೆಲವನ್ನ ಬೇರೆ ಕುಲಕ್ಕೆ ಸೇರಿಸಿ ವರ್ಣಿಸಿದ್ರು, ಹವೈಕಾ ಅಂತ ಹೊಸ ಕುಲ ಮಾಡಿದ್ದು ಪೋಲೆಂಡಿನ ಯೆರ್ಜಿ ಪ್ರುಶಿನ್ಸ್ಕಿ, 2002ರಲ್ಲಿ. 2006ರಲ್ಲಿ ಅರ್ನೆಡೊ, ಗಿಲೆಸ್ಪಿ ಅನ್ನೋ ವಿಜ್ಞಾನಿಗಳು ಡಿಎನ್‌ಎ ಹಿಡ್ಕೊಂಡು ಇವುಗಳ ವಂಶವೃಕ್ಷನೂ ಹುಡುಕಿದ್ರು.

ತುಂಗಾತೀರ:
ಇಬ್ರಿಗೂ ಥ್ಯಾಂಕ್ಸ್. ವೀಕೆಂಡ್‌ಗೆ ಕಾಡಿನ ಟ್ರೇಲ್‌ಗೆ ಹೋಗೋಣ ಅಂತಿದೀನಿ, ಏನಾದ್ರೂ ಎಚ್ಚರಿಕೆ ಇದ್ರೆ ಹೇಳಿ.

ಕಾಡುಮಲ್ಲಿಗೆ:
ಹೋಗಿ, ಆದ್ರೆ ಟ್ರೇಲ್ ಶುರುಲಿ ಬ್ರಷ್ ಇಟ್ಟಿದ್ರೆ ಶೂ ಉಜ್ಜಿ ಮಣ್ಣು ತೆಗೆದೇ ಒಳಗೆ ಹೋಗಿ, ವಾಪಸ್ ಬರುವಾಗ್ಲೂ ಉಜ್ಜಿ. ಅಲ್ಲಿನ ಓಹಿಯಾ ಮರಗಳನ್ನ ಒಂದು ಶಿಲೀಂಧ್ರ ರೋಗ ಕೊಲ್ತಿದೆ, ಮಣ್ಣಿನ ಜೊತೆನೂ ಹರಡುತ್ತೆ. ಮರದ ತೊಗಟೆಗೆ ಗಾಯ ಮಾಡ್ಬೇಡಿ. ಜೇಡ ಸಿಕ್ರೆ ಹಿಡಿಯೋಕೆ ಹೋಗ್ದೆ ಎಲೆ ಮೇಲೆ ಇದ್ದ ಹಾಗೇ ಫೋಟೋ ತೆಗೀರಿ.