ಕಾಫಿಗೆ ಸಕ್ಕರೆಯ ಬದಲು ಏನು ಹಾಕುತ್ತೀರಿ? ಬಳಸಿದವರು ಹೇಳಿ

ನಾಲ್ಕು ಲೋಟ:
ವಯಸ್ಸು 52. ಕಳೆದ ತಿಂಗಳು ಮಧುಮೇಹ ಎಂದು ಗೊತ್ತಾಯಿತು, ಮೂರು ತಿಂಗಳ ಸರಾಸರಿ ರಕ್ತದ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 7.4. ಊಟದಲ್ಲಿ ಏನು ಬೇಕಾದರೂ ಬಿಡುತ್ತೇನೆ, ದಿನಕ್ಕೆ ನಾಲ್ಕು ಕಾಫಿ ಮಾತ್ರ ಬಿಡಲಾರೆ. ಆಸ್ಪರ್ಟೇಮ್, ಸುಕ್ರಲೋಸ್, ಸ್ಟೀವಿಯಾ, ಇವುಗಳಲ್ಲಿ ಯಾವುದು ವಾಸಿ? ಗುಳಿಗೆಯೋ, ಪುಡಿಯೋ?

ಹಳೆಯ ಗಿರಾಕಿ:
ಹನ್ನೊಂದು ವರ್ಷದ ಅನುಭವ, ಕೇಳಿ. ಮೊದಲು ಆಸ್ಪರ್ಟೇಮ್ ಗುಳಿಗೆ. ಒಲೆಯ ಮೇಲೆ ಕುದಿಯುವ ಪಾತ್ರೆಗೇ ಹಾಕುತ್ತಿದ್ದೆ. ಕುದಿಸಿದಷ್ಟೂ ಸಿಹಿ ಮಾಯ. ಎರಡು ಗುಳಿಗೆ ಮೂರಾಯಿತು, ಮೂರು ಐದಾಯಿತು. ಬಿಸಿಗೆ ಅದು ಒಡೆದುಹೋಗುತ್ತದೆ ಎಂದು ತಿಳಿಯುವಷ್ಟರಲ್ಲಿ ಎಷ್ಟು ಡಬ್ಬಿ ಖಾಲಿ ಮಾಡಿದ್ದೆನೋ. ಆಮೇಲೆ ಸುಕ್ರಲೋಸ್ ಪುಡಿಯ ಪೊಟ್ಟಣ, ದಿನಕ್ಕೆ ಆರರಂತೆ ಎಂಟು ತಿಂಗಳು. ಒಂದು ದಿನ ಕನ್ನಡಕ ಏರಿಸಿ ಪೊಟ್ಟಣದ ಬೆನ್ನು ಓದಿದರೆ ಮೊದಲ ಹೆಸರೇ ಡೆಕ್ಸ್ಟ್ರೋಸ್! ಎಂದರೆ ಗ್ಲೂಕೋಸ್. ಸುಕ್ರಲೋಸ್ ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿ, ಬೇಕಾಗುವುದು ಕೆಲವೇ ಮಿಲಿಗ್ರಾಂ. ಅಷ್ಟನ್ನೇ ತುಂಬಿದರೆ ಪೊಟ್ಟಣ ಖಾಲಿಯಂತೆ ಕಾಣುತ್ತದೆಂದು ಇದನ್ನು ಸುರಿಯುತ್ತಾರೆ. ಪೊಟ್ಟಣಕ್ಕೆ ಒಂದು ಗ್ರಾಂ ಇದ್ದೀತು, ಅಷ್ಟರಿಂದ ಏನೂ ಆಗದು ಎಂದು ವೈದ್ಯರು ನಕ್ಕರು. ಅವರಿಗೇನು, ಎಂಟು ತಿಂಗಳು ಲೆಕ್ಕದ ಪುಸ್ತಕದಲ್ಲಿ ಸೊನ್ನೆ ಬರೆದವನು ನಾನು.

ರಾತ್ರಿ ಪ್ರಯಾಣಿಕ:
ನಿಮ್ಮದು ಬರೀ ಸೊನ್ನೆಯ ಕಥೆ. ನಾನು 'ಸಕ್ಕರೆರಹಿತ' ಚಾಕೊಲೇಟ್ ನಂಬಿದವನು. ರಾತ್ರಿ ಬಸ್ಸು, ಕಿಟಕಿ ಪಕ್ಕದ ಸೀಟು, ಒಂದೊಂದೇ ಬಿಚ್ಚುತ್ತ ಹನ್ನೆರಡು ಮುಗಿಸಿದೆ. ಒಳಗಿದ್ದದ್ದು ಮಾಲ್ಟಿಟಾಲ್ ಎಂಬ ಬದಲಿ ಸಿಹಿ. ಸಣ್ಣ ಕರುಳು ಪೂರ್ತಿ ಹೀರಿಕೊಳ್ಳದೆ ಬಿಟ್ಟದ್ದು ದೊಡ್ಡ ಕರುಳಿಗೆ ಇಳಿದು, ನೀರೆಳೆದುಕೊಂಡು ಹುಳಿಯುತ್ತದೆ. ಎರಡು ಗಂಟೆಯಲ್ಲಿ ಹೊಟ್ಟೆಯೊಳಗೆ ಗುಡುಗು. ಮೂರು ಸಲ ಬಸ್ಸು ನಿಲ್ಲಿಸಿದೆ. ನಾಲ್ಕನೆಯ ಸಲ ಕೇಳಲು ಮುಖವಿರಲಿಲ್ಲ, ಅದರ ವಿವರ ಬೇಡ. ಇಷ್ಟಾಗಿ ಬೆಳಿಗ್ಗೆ ಬೆರಳು ಚುಚ್ಚಿದರೆ 190! ಮಾಲ್ಟಿಟಾಲ್ ರಕ್ತದ ಸಕ್ಕರೆಯನ್ನೂ ಏರಿಸುತ್ತದೆ, ಸಕ್ಕರೆಯಷ್ಟಲ್ಲ ಎಂಬುದೊಂದೇ ಸಮಾಧಾನ.

ಅಳತೆಗೋಲು:
ಹನ್ನೆರಡು ತಿನ್ನಲು ಯಾರು ಹೇಳಿದರು ಸರ್? ಅತಿಯಾದರೆ ಭೇದಿಯಾದೀತು ಎಂದು ಪೆಟ್ಟಿಗೆಯ ಮೇಲೆಯೇ ಅಚ್ಚು ಹಾಕಿರುತ್ತಾರೆ.

ರಾತ್ರಿ ಪ್ರಯಾಣಿಕ:
ಬಸ್ಸಿನ ದೀಪ ಆರಿಸಿದ್ದರು. ತಮಗೆ ಕತ್ತಲಲ್ಲೂ ಅಕ್ಷರ ಕಾಣುತ್ತದೇನೋ.

ಬಿಟ್ಟು ಬದುಕಿದವಳು:
ಎಲ್ಲವೂ ವಿಷ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಆಸ್ಪರ್ಟೇಮ್ ಅನ್ನು ಪಟ್ಟಿಗೆ ಸೇರಿಸಿದ ಸುದ್ದಿ ಓದಿದ ದಿನವೇ ಡಬ್ಬಿಯನ್ನು ಕಸಕ್ಕೆ ಎಸೆದೆ. ಹತ್ತೊಂಬತ್ತು ದಿನ ಕಾಫಿ ಕಷಾಯದಂತಿತ್ತು, ಸಿಟ್ಟಿನಲ್ಲಿ ಒಂದು ಲೋಟವನ್ನೂ ಒಡೆದೆ. ಇಪ್ಪತ್ತನೆಯ ದಿನ ಹಾಲಿನಲ್ಲೇ ಒಂದು ಸಿಹಿ ಇದೆ ಎಂದು ನಾಲಿಗೆಗೆ ತಿಳಿಯಿತು. ಈಗ ನನ್ನ ಔಷಧದ ಪ್ರಮಾಣ ಅರ್ಧಕ್ಕೆ ಇಳಿದಿದೆ. ದಿನವೂ ಒಂದು ಗಂಟೆ ನಡೆಯುತ್ತೇನೆ, ನಿಜ. ಅದಕ್ಕೇ ಇಳಿಯಿತು ಎಂದು ಯಾರೂ ಹೇಳಬೇಡಿ.

ಅಳತೆಗೋಲು:
ಮೇಡಂ, ಅದು 2ಬಿ ಗುಂಪು. ಕ್ಯಾನ್ಸರ್ ತರಲೂಬಹುದು, ಆದರೆ ಪುರಾವೆ ಸಾಲದು ಎಂದು ಅರ್ಥ. ಅದೇ ದಿನ ಆಹಾರ ಸುರಕ್ಷತೆಯ ಜಂಟಿ ತಜ್ಞರ ಸಮಿತಿ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 40 ಮಿಲಿಗ್ರಾಂ ಎಂಬ ಹಳೆಯ ಮಿತಿಯನ್ನೇ ಉಳಿಸಿತು. 60 ಕಿಲೋ ತೂಗುವವರಿಗೆ 2,400 ಮಿಲಿಗ್ರಾಂ. ಗುಳಿಗೆಯೊಂದರಲ್ಲಿ ಇಪ್ಪತ್ತರ ಆಸುಪಾಸು. ನೀವೇ ಭಾಗಿಸಿ. ಇನ್ನೊಂದು ಬದಲಿ ಸಿಹಿಯಾದ ಸ್ಯಾಕರಿನ್‌ಗೂ ಹೀಗೇ ಆಯಿತು: ಇಲಿಗಳ ಮೂತ್ರಕೋಶದಲ್ಲಿ ಗಡ್ಡೆ ಕಂಡದ್ದಕ್ಕೆ ಅಮೆರಿಕದಲ್ಲಿ 1977ರಲ್ಲಿ ಪೊಟ್ಟಣಕ್ಕೆ ಎಚ್ಚರಿಕೆ ಅಂಟಿಸಿದರು, ಮನುಷ್ಯರಿಗೆ ಅದು ಅನ್ವಯಿಸದೆಂದು 2000ದಲ್ಲಿ ಕಿತ್ತರು.

ಬಿಟ್ಟು ಬದುಕಿದವಳು:
ಹೀಗೆ ಲೆಕ್ಕ ಹಾಕುವವರ ಮನೆಗೆ ಕಾಯಿಲೆ ಕಾಲಿಟ್ಟಿಲ್ಲ ಎಂದು ಕಾಣುತ್ತದೆ.

ಅಳತೆಗೋಲು:
ನನಗೇ ಹದಿನಾಲ್ಕು ವರ್ಷದಿಂದ ಇದೆ. ಎಡಗಾಲಿನ ಹೆಬ್ಬೆರಳು ತೆಗೆದಿದ್ದಾರೆ. ಅದನ್ನು ತಿಂದದ್ದು ಸಕ್ಕರೆ, ಗುಳಿಗೆಯಲ್ಲ.

ನಾಲ್ಕು ಲೋಟ:
ದಯವಿಟ್ಟು ಜಗಳ ಬೇಡ. ಗುಳಿಗೆಯೋ ಪುಡಿಯೋ ಎಂದಷ್ಟೇ ಕೇಳಿದ್ದೆ.

ಸೋಡಾ ಸಾಕಾದವನು:
ತೂಕ ಇಳಿಸಲು ಇವನ್ನು ಬಳಸಬೇಡಿ ಎಂದು 2023ರ ಮೇ ತಿಂಗಳಲ್ಲಿ ಅದೇ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಅಳತೆಗೋಲಿನವರು ಅದನ್ನೇಕೆ ನುಂಗಿದರು? ಎರಡು ವರ್ಷ ಡಯಟ್ ಸೋಡಾ ಕುಡಿದು ನಾನು ನಾಲ್ಕು ಕಿಲೋ ಏರಿದ್ದೇನೆ. ಸೋಡಾದಲ್ಲಿ ಉಳಿಸಿದೆನಲ್ಲ ಎಂದು ಪ್ರತಿ ರಾತ್ರಿ ಇನ್ನೊಂದು ಸಲ ಬಡಿಸಿಕೊಳ್ಳುತ್ತಿದ್ದೆ.

ಅಳತೆಗೋಲು:
ನುಂಗಿಲ್ಲ. ಆ ಸಲಹೆ ಈಗಾಗಲೇ ಮಧುಮೇಹ ಇರುವವರಿಗೆ ಅಲ್ಲ ಎಂದು ಅದರಲ್ಲೇ ಬರೆದಿದೆ. ಪ್ರಶ್ನೆ ಕೇಳಿದವರಿಗೆ ಇರುವುದು ಮಧುಮೇಹ. ಇನ್ನೊಂದು ಸಲ ಬಡಿಸಿದ್ದೂ ಸೋಡಾವೇ ಏನು?

ನಾಯಿಯ ಯಜಮಾನಿ:
ಮನೆಯಲ್ಲಿ ನಾಯಿ ಇದ್ದರೆ ಕ್ಸೈಲಿಟಾಲ್ ಎಂಬ ಬದಲಿ ಸಿಹಿಯನ್ನು ತರಲೇಬೇಡಿ. ಚೀಲದಲ್ಲಿದ್ದ, ಅದು ಬೆರೆತ ಚೂಯಿಂಗ್ ಗಮ್ ಅನ್ನು ನಮ್ಮದು ಕಾಗದದ ಸಮೇತ ತಿಂದಿತು. ಅರ್ಧ ಗಂಟೆಯಲ್ಲಿ ಹಿಂಗಾಲು ತಡವರಿಸಿತು. ನಾಯಿಗಳಲ್ಲಿ ಅದು ಇನ್ಸುಲಿನ್ ಉಕ್ಕಿಸಿ ರಕ್ತದ ಸಕ್ಕರೆಯನ್ನು ಪಾತಾಳಕ್ಕೆ ಇಳಿಸುತ್ತದೆ. ಎರಡು ರಾತ್ರಿ ಗ್ಲೂಕೋಸ್ ಹನಿ ಹಾಕಿಸಿಕೊಂಡು ಬದುಕಿತು.

ರಾತ್ರಿ ಪ್ರಯಾಣಿಕ:
ಇಲ್ಲಿ ಮನುಷ್ಯರ ಕಾಫಿಯ ಮಾತು ನಡೆಯುತ್ತಿದೆ.

ನಾಯಿಯ ಯಜಮಾನಿ:
ನಿಮ್ಮ ಬಸ್ಸಿನ ಕಥೆಯಲ್ಲಿ ಕಾಫಿ ಎಲ್ಲಿತ್ತು?